ಕಡಲಿಗೆ ಮೊದಲ ಗುಟುಕು

ಮೊಸರಲ್ಲಿ ಕಲ್ಲು ಹುಡುಕುವುದು ನನ್ನ ಕಸುಬು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ತೋರಿಸಿಕೊಟ್ಟರೆ ಆಸ್ಟ್ರೇಲಿಯಾದ ಪ್ಯಾರಮಟ್ಟಾದಲ್ಲಿರುವ ಆಫೀಸೊಂದು ನನಗೆ ಸಂಬಳ ಕೊಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ ಕ್ವೇಕರ್ಸ್ ಹಿಲ್‌ನಿಂದ ಆಫೀಸಿಗೆ ಹೋಗುವ ಟ್ರೇನಿನಲ್ಲೂ ನಾನು ತಪ್ಪುಗಳನ್ನೇ ಹುಡುಕುತ್ತಿರುತ್ತೇನೆ. ಪಕ್ಕದವರು ಕ್ರಿಕೆಟ್ ನೋಡುತ್ತಾರೆ, ಎದುರಿನವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಾರೆ. ನಾನು ಫೋನಿನಲ್ಲಿ ಹಳೆಯ ಆಸ್ಟ್ರೇಲಿಯನ್ ಪತ್ರಿಕೆಗಳನ್ನು ತಿದ್ದುತ್ತೇನೆ.

ಇದೇನು ಹುಚ್ಚು ಎಂದು ಕೇಳುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ದೇಶದವರು ತಮ್ಮ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರೂ ಓದುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಯಂತ್ರ ಅದನ್ನು ಓದಿ ಬರೆದ ಸಾಲುಗಳು. ಮಾಸಿದ ಮಸಿಯನ್ನು, ಮಡಿಕೆ ಬಿದ್ದ ಕಾಗದವನ್ನು ಯಂತ್ರಕ್ಕೆ ಸರಿಯಾಗಿ ಓದಲು ಬರುವುದಿಲ್ಲ. ಯಾರು ಬೇಕಾದರೂ ಕೂತು ಆ ಸಾಲುಗಳನ್ನು ಸರಿಮಾಡಬಹುದು. ನಿಯಮ ಒಂದೇ: ಅಚ್ಚಾದದ್ದನ್ನು ಅಚ್ಚಾದ ಹಾಗೆಯೇ ಬರೆಯಬೇಕು. ಪತ್ರಿಕೆಯವರೇ ತಪ್ಪು ಮಾಡಿದ್ದರೆ ಅದನ್ನೂ ಮುಟ್ಟಬಾರದು. ನಮಗೆ ಗೊತ್ತಿರುವ ಸತ್ಯವನ್ನು ನಡುವೆ ತುರುಕುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು. ಸಂಸಾರದಲ್ಲಿ ಇಷ್ಟು ಚೊಕ್ಕವಾದ ನಿಯಮ ಎಲ್ಲಿ ಸಿಗುತ್ತದೆ?

“ಸಂಬಳ ಇಲ್ದೇ ಇದ್ರೂ ತಪ್ಪು ಹುಡುಕೋಳು ನೀನೊಬ್ಳೇ ಕಣೇ,” ಎಂದು ನನ್ನ ಗಂಡ ರೇಗಿಸುತ್ತಾನೆ. “ಮನೇಲಿ ನಾನಿದೀನಲ್ಲ, ಸಾಲ್ದಾ?”

ಮೊದಮೊದಲು ಕುದುರೆ ರೇಸು, ಬೆಣ್ಣೆಯ ಜಾಹೀರಾತು, ಚರ್ಚಿನ ಕೇಕ್ ಸ್ಪರ್ಧೆ, ಸಿಕ್ಕಿದ್ದನ್ನೆಲ್ಲ ತಿದ್ದಿದೆ. ಆಮೇಲೆ ಎರಡನೆಯ ಮಹಾಯುದ್ಧದ ಪುಟಗಳಿಗೆ ಬಂದವಳು ಅಲ್ಲೇ ಲಂಗರು ಹಾಕಿದೆ. ಅದರಲ್ಲೂ ಜರ್ಮನ್ ಸಬ್‌ಮರೀನುಗಳು ಸರಕಿನ ಹಡಗುಗಳನ್ನು ಮುಳುಗಿಸಿದ ವರದಿಗಳು. ಬದುಕಿ ಬಂದ ಅಧಿಕಾರಿಯೊಬ್ಬ ಯಾವುದೋ ಬಂದರಿನಲ್ಲಿ ಇಳಿದು ಪತ್ರಿಕೆಯವರ ಹತ್ತಿರ ಹೇಳಿದ ಕಥೆಗಳವು. ಹಡಗಿನ ಹೆಸರು ಇರುತ್ತಿರಲಿಲ್ಲ, ಬಂದರಿನ ಹೆಸರೂ ಇರುತ್ತಿರಲಿಲ್ಲ. ಶತ್ರುವಿಗೆ ಗೊತ್ತಾಗಬಾರದು ಎಂದು ಸರಕಾರ ಅಳಿಸಿ ಹಾಕುತ್ತಿತ್ತು. ಆದರೆ ಉಳಿದದ್ದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತಿತ್ತು. ಟಾರ್ಪಿಡೊ ಬಡಿದಾಗ ಅಡುಗೆಮನೆಯಲ್ಲಿ ಬೇಯುತ್ತಿದ್ದ ಸೂಪು, ಒಂದೇ ಕಾಲಿನ ಬೂಟಿನಲ್ಲಿ ದೋಣಿಗೆ ಹಾರಿದ ಎಂಜಿನಿಯರು, ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ ಹಡಗಿನ ಬೆಕ್ಕು. ಹಡಗು ಮುಳುಗಿದ ಮೇಲೆ ಸಬ್‌ಮರೀನು ನೀರಿನ ಮೇಲೆ ಬರುತ್ತಿತ್ತು. ಗಡ್ಡ ಬಿಟ್ಟ ಕಮಾಂಡರ್ ಒಳ್ಳೆಯ ಇಂಗ್ಲಿಷಿನಲ್ಲಿ ಯಾವ ಹಡಗು, ಏನು ಸರಕು ಎಂದು ವಿಚಾರಿಸುತ್ತಿದ್ದ. ಕೆಲವು ಕಮಾಂಡರುಗಳು ಕೇಳಿ ಮುಖ ತಿರುಗಿಸಿ ಹೋಗಿಬಿಡುತ್ತಿದ್ದರು. ಕೆಲವರು ಸಿಗರೇಟು ಕೊಡುತ್ತಿದ್ದರು, ಗಾಯಕ್ಕೆ ಪಟ್ಟಿ ಕೊಡುತ್ತಿದ್ದರು, ನೆಲ ಯಾವ ದಿಕ್ಕಿಗಿದೆ ಎಂದು ಕೈ ತೋರಿಸುತ್ತಿದ್ದರು. ಮುಳುಗಿಸಿದವನೇ ದಾರಿ ಹೇಳುವುದನ್ನು ಓದುವಾಗ ನನಗೆ ಸಿಟ್ಟು ಮಾಡಬೇಕೋ ಪಾಪ ಅನ್ನಬೇಕೋ ತಿಳಿಯುತ್ತಿರಲಿಲ್ಲ. ಆ ಕಬ್ಬಿಣದ ಕೊಳವೆಯೊಳಗೆ ಇದ್ದವರೂ ಮೀಸೆ ಮೂಡುವ ವಯಸ್ಸಿನವರು. ಅವರಲ್ಲೂ ಎಷ್ಟೋ ಮಂದಿ ಆಮೇಲೆ ಅದೇ ಕಡಲಿನ ತಳ ಸೇರಿದರು.

ಮನೆಯಲ್ಲಿ ಊಟದ ಹೊತ್ತಿಗೆ ಈ ಕಥೆಗಳನ್ನು ಹೇಳುತ್ತಿದ್ದೆ. ನಾನು ಕನ್ನಡದಲ್ಲಿ ಹೇಳಿದರೆ ಮಗಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದದ್ದು ಒಂದೇ: “ಇಸ್ ದ ಕ್ಯಾಟ್ ಓಕೆ?”

ಬೆಕ್ಕು ಎಲ್ಲ ಕಥೆಯಲ್ಲೂ ಬದುಕುತ್ತಿತ್ತು. ಬೆಕ್ಕಿಗೆ ಹೆಸರೂ ಇರುತ್ತಿತ್ತು. ವರದಿಯ ಕೊನೆಯಲ್ಲಿ ಕಳೆದುಹೋದವರ ವಿವರ ಬರುತ್ತಿತ್ತು: ಇಂಥ ಊರಿನ ಇಂಥ ಅಧಿಕಾರಿ, ಇಂಥ ವೈರ್‌ಲೆಸ್ ಆಪರೇಟರ್, ಮತ್ತು ಇಷ್ಟು ಮಂದಿ ಲಸ್ಕರರು. ಲಸ್ಕರರು ಅಂದರೆ ಬ್ರಿಟಿಷ್ ಹಡಗುಗಳ ತಳದಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದ, ಡೆಕ್ಕು ತೊಳೆಯುತ್ತಿದ್ದ, ಅಡುಗೆ ಮಾಡುತ್ತಿದ್ದ ನಮ್ಮ ದೇಶದ ಖಲಾಸಿಗಳು. ಅವರಿಗೆ ಸಂಖ್ಯೆ ಮಾತ್ರ. ನಾನು ಆ ಸಾಲುಗಳನ್ನೂ ಅಚ್ಚಾದ ಹಾಗೆಯೇ ತಿದ್ದಿ, ಸೇವ್ ಮಾಡಿ, ಪ್ಯಾರಮಟ್ಟಾದಲ್ಲಿ ಇಳಿದು ಆಫೀಸಿಗೆ ಹೋಗುತ್ತಿದ್ದೆ.

ನನಗೆ ಈ ವರದಿಗಳ ಚಟ ಹಿಡಿದದ್ದು ಸುಮ್ಮನೆ ಅಲ್ಲ. ನಮ್ಮ ಅಮ್ಮಮ್ಮನ ಅಪ್ಪ ಅಂಥ ಒಬ್ಬ ಖಲಾಸಿ. ಕುಂದಾಪುರದ ಕಡೆ ಅಮ್ಮನ ಅಮ್ಮನನ್ನು ಅಮ್ಮಮ್ಮ ಎನ್ನುತ್ತೇವೆ. ನಮ್ಮದು ಮೀನು ಹಿಡಿಯುವವರ ಮನೆ. ಆ ಯುದ್ಧದ ಕಾಲದಲ್ಲೇ ಮುತ್ತಜ್ಜ ಮನೆಯ ದೋಣಿ ಬಿಟ್ಟು ಮುಂಬಯಿಗೆ ಹೋಗಿ ದೊಡ್ಡ ಹಡಗು ಹತ್ತಿದ. ಏಕವಚನದಲ್ಲಿ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಹೋಗುವಾಗ ಅವನು ಈಗಿನ ನನ್ನ ಅರ್ಧ ವಯಸ್ಸಿನವನು, ಬಹುವಚನ ಬಾಯಿಗೆ ಬರುವುದಿಲ್ಲ. ಅಮ್ಮಮ್ಮ ಆಗ ಹೊಟ್ಟೆಯಲ್ಲಿದ್ದಳು. ಅವನು ಮತ್ತೆ ಬರಲಿಲ್ಲ. ಕಾಗದವೂ ಇಲ್ಲ, ತಂತಿಯೂ ಇಲ್ಲ. ಮುಂಬಯಿಯಿಂದ ಬಂದ ಒಬ್ಬರು ಒಂದು ಮಾತು ಹೇಳಿದ್ದರಂತೆ: ಅವನು ಬೇರೆ ಯಾರದೋ ಖಲಾಸಿ ಪಾಸಿನ ಮೇಲೆ, ಆ ಯಾರದೋ ಹೆಸರಿನಲ್ಲಿ ಹಡಗು ಹತ್ತಿದ್ದ. ಆಗ ಹಾಗೆ ನಡೆಯುತ್ತಿತ್ತಂತೆ. ಹಾಗಾಗಿ ಯುದ್ಧದಲ್ಲಿ ಸತ್ತ ಖಲಾಸಿಗಳ ಹೆಸರುಗಳನ್ನು ಎಲ್ಲಿ ಕೆತ್ತಿದ್ದರೂ ನಮಗೆ ಅದರಿಂದ ಉಪಯೋಗವಿರಲಿಲ್ಲ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಊರು ತೀರ್ಮಾನ ಮಾಡಿತು. ಅಮ್ಮಮ್ಮ ಓಡಿಹೋದವನ ಮಗಳಾಗಿ ಬೆಳೆದಳು. ಶಾಲೆಯಲ್ಲೂ ಅದೇ, ಮದುವೆಯ ಮಾತುಕತೆಯಲ್ಲೂ ಅದೇ. ಅವಳ ಅಮ್ಮ ಮಾತ್ರ ಗಂಡ ಓಡಿಹೋದ ಎಂದೂ ಒಪ್ಪಲಿಲ್ಲ, ಸತ್ತ ಎಂದೂ ಒಪ್ಪಲಿಲ್ಲ. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಗಾಜಿನ ಬಳೆ. ಹಾಗೆಯೇ ಮುದುಕಿಯಾಗಿ, ಹಾಗೆಯೇ ಮುತ್ತೈದೆಯಾಗಿ ಹೋದಳು. ಹೋಗುವ ಮೊದಲು ಮಗಳಿಗೆ ಒಂದು ಮಾತು ಹೇಳಿದ್ದಳು: ಕಣ್ಣಲ್ಲಿ ಕಾಣದೆ ಎಡೆ ಇಡಬೇಡ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಬಾಳೆಲೆಯಲ್ಲಿ ಎಡೆ ಇಡುತ್ತೇವೆ, ಮೀನು ಸಹಿತ. ಅಮ್ಮಮ್ಮ ಎಲ್ಲರಿಗೂ ಇಟ್ಟಳು. ಗಂಡನಿಗೆ ಇಟ್ಟಳು, ಅತ್ತೆಮಾವಂದಿರಿಗೆ ಇಟ್ಟಳು, ಜಗಳಗಂಟಿ ನಾದಿನಿಗೂ ಇಟ್ಟಳು. ಅಪ್ಪನಿಗೆ ಇಡಲಿಲ್ಲ. ಇಟ್ಟರೆ ಅಮ್ಮ ಅಷ್ಟು ವರ್ಷ ವಿಧವೆಯಾಗಿದ್ದಳು ಎಂದಾಗುತ್ತದೆ. ಇಡದಿದ್ದರೆ, ಒಂದು ವೇಳೆ ಅವನು ಸತ್ತಿದ್ದರೆ, ಅಷ್ಟು ವರ್ಷದಿಂದ ಹಸಿದಿದ್ದಾನೆ ಎಂದಾಗುತ್ತದೆ. ಎಂಬತ್ತು ದಾಟಿದ ಮೇಲೆ ಅವಳಿಗೆ ಇದ್ದದ್ದು ಇದೊಂದೇ ಚಿಂತೆ. ಅವನು ಬಿಟ್ಟು ಹೋದನೋ, ಸತ್ತು ಹೋದನೋ, ತಾನು ಕಣ್ಣು ಮುಚ್ಚುವ ಮೊದಲು ಗೊತ್ತಾಗಬೇಕು. ಆದರೆ ಅವನ ವಿಷಯ ಬಂದಾಗ ಅವಳು ಅಪ್ಪ ಎನ್ನುತ್ತಿರಲಿಲ್ಲ. “ನನ್ನ ಅಬ್ಬಿಯ ಗಂಡ” ಎನ್ನುತ್ತಿದ್ದಳು. ಅಬ್ಬಿ ಅಂದರೆ ಅಮ್ಮ. ಅಮ್ಮನ ಗಂಡ ಅಂತೆ! ನಾವು ಚಿಕ್ಕವರಿದ್ದಾಗ ಅದನ್ನು ಕೇಳಿ ಮುಸಿಮುಸಿ ನಗುತ್ತಿದ್ದೆವು.

ಅಮ್ಮಮ್ಮ ಈಗ ಮೆಲ್ಬರ್ನಿನಲ್ಲಿ, ವಿಂಡಮ್ ವೇಲ್‌ನಲ್ಲಿ, ನನ್ನ ಸೋದರಮಾವನ ಮನೆಯಲ್ಲಿದ್ದಾಳೆ. ಮಾವ ಗೋದಾಮೊಂದರಲ್ಲಿ ಸೂಪರ್‌ವೈಸರ್. ಹೊಸ ಲೇಔಟಿನಲ್ಲಿ ಹೊಸ ಮನೆ, ಹಾಲಿನ ತುಂಬ ತಿಳಿಬಣ್ಣದ ಕಾರ್ಪೆಟ್. ಈ ಕಾರ್ಪೆಟ್ಟಿನಿಂದ ಒಂದು ದೊಡ್ಡ ರಾಮಾಯಣವೇ ಆಯಿತು. ಏಕೆಂದರೆ ಅಮ್ಮಮ್ಮ ಏನು ಕುಡಿದರೂ, ನೀರೇ ಇರಲಿ, ಕಾಫಿಯೇ ಇರಲಿ, ಮೊದಲು ಎರಡು ಹನಿ ನೆಲಕ್ಕೆ ಚೆಲ್ಲಿ ಆಮೇಲೆ ಬಾಯಿಗೆ ಇಡುತ್ತಾಳೆ. ನಮ್ಮ ದೋಣಿಯವರ ಪದ್ಧತಿ ಅದು. ಕಡಲಿನ ಮೇಲೆ ಕೂತು ಕುಡಿಯುವಾಗ ಮೊದಲ ಗುಟುಕು ಕಡಲಿಗೆ. ಅನ್ನ ಕೊಡುವವಳಿಗೆ ಕೊಡದೆ ನಾವು ಹೇಗೆ ಕುಡಿಯುವುದು ಎಂದು ಲೆಕ್ಕ. ಕಡಲಿನಿಂದ ಎಷ್ಟು ದೂರ ಬಂದರೂ ಅವಳ ಕೈ ಅದನ್ನು ಬಿಡಲಿಲ್ಲ. ಕಾರ್ಪೆಟ್ಟಿನ ಕಲೆ ನೋಡಿ ನೋಡಿ ಸೋತ ಮಾವ ಕೊನೆಗೆ ಅವಳ ಕುರ್ಚಿಯ ಪಕ್ಕಕ್ಕೆ ಕರಿಬೇವಿನ ಕುಂಡ ತಂದಿಟ್ಟರು. ದಿನಾ ಕಾಫಿ ಕುಡಿದು ಆ ಗಿಡ ಸಾಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅದು ನೋಡಿದರೆ ಬೀದಿಯವರಿಗೆಲ್ಲ ಹಂಚುವಷ್ಟು ಚಿಗುರಿತು.

ಹಡಗಿನ ವರದಿಗಳನ್ನು ಓದುತ್ತಿದ್ದೇನೆ ಎಂದು ಒಮ್ಮೆ ಅವಳಿಗೆ ಬಾಯಿ ತಪ್ಪಿ ಹೇಳಿದ್ದೇ ತಡ, ಪ್ರತಿ ಭಾನುವಾರದ ವಿಡಿಯೊ ಕಾಲಿನಲ್ಲಿ ಮೊದಲ ಪ್ರಶ್ನೆ ಅದೇ ಆಯಿತು. ಕ್ಷೇಮ ಸಮಾಚಾರ ಆಮೇಲೆ.

“ಎಂತ ಹೆಣ್ಣೇ, ಸಿಕ್ನಾ?”

“ಇಲ್ಲ ಅಮ್ಮಮ್ಮ. ಹೆಸರೇ ಹಾಕಲ್ಲ ಅವರು.”

“ಹುಡುಕ್, ಹುಡುಕ್. ಸಾಯುಕ್ ನಂಗೆ ಅರ್ಜೆಂಟ್ ಇಲ್ಲೆ.”

ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹುಡುಕುತ್ತಿದ್ದೆ.

ಈ ಸಲ ಪಿತೃಪಕ್ಷದ ಕೊನೆಯ ವಾರ, ಟ್ರೇನಿನಲ್ಲಿ, ಮೆಲ್ಬರ್ನಿನ ಒಂದು ಹಳೆಯ ಪತ್ರಿಕೆಯ ಕಾಲಂ ತಿದ್ದುತ್ತಿದ್ದೆ. ಎಂದಿನ ಹಾಗೆಯೇ ಕಥೆ. ಹಡಗು ಮುಳುಗಿತು, ಸಬ್‌ಮರೀನು ಮೇಲೆ ಬಂತು, ಕಮಾಂಡರ್ ಪ್ರಶ್ನೆ ಕೇಳಿ ಒಂದು ಡಬ್ಬ ನೀರು ಕೊಟ್ಟು, ದಿಕ್ಕು ತೋರಿಸಿ ಹೋದ. ಆಮೇಲೆ ದೋಣಿಯಲ್ಲಿ ದಿನಗಳು. ನೀರನ್ನು ತಗಡಿನ ಮುಚ್ಚಳದಲ್ಲಿ ಅಳೆದು ಹಂಚುತ್ತಿದ್ದರು. ಕಥೆ ಹೇಳಿದ ಅಧಿಕಾರಿ ನಡುವೆ ಒಂದು ವಿಚಿತ್ರವನ್ನು ನೆನೆಸಿಕೊಂಡಿದ್ದ. ದೋಣಿಯಲ್ಲಿದ್ದ ಒಬ್ಬ ಲಸ್ಕರ್ ತನ್ನ ಪಾಲಿನ ನೀರು ಕೈಗೆ ಬಂದ ಕೂಡಲೇ ಮೊದಲು ಕೆಲವು ಹನಿ ಸಮುದ್ರಕ್ಕೆ ಚೆಲ್ಲುತ್ತಿದ್ದನಂತೆ. ಉಳಿದವರು ಕೂಗಾಡಿದರು. ಪಾಲು ಕಡಿಮೆ ಮಾಡುತ್ತೇನೆ ಎಂದು ಅಧಿಕಾರಿ ಹೆದರಿಸಿದ. ಆದರೂ ಅವನು ಬಿಡಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಚೆಲ್ಲಿ, ಉಳಿದದ್ದನ್ನು ತಾನು ಕುಡಿಯದೆ, ಪಕ್ಕದಲ್ಲಿ ಸುಟ್ಟಗಾಯದಲ್ಲಿ ಮಲಗಿದ್ದವನ ಬಾಯಿಗೆ ಬಿಟ್ಟ. ಅಂದೇ ಸತ್ತ. ಅವನನ್ನು ಸಮುದ್ರಕ್ಕೆ ಇಳಿಸಿದರು. ಮಾರನೆಯ ದಿನ ಹಡಗೊಂದು ಬಂದು ಉಳಿದವರನ್ನು ಎತ್ತಿಕೊಂಡಿತು.

ಹೆಸರಿರಲಿಲ್ಲ.

ನಾನು ತಲೆಯೆತ್ತಿದಾಗ ಪ್ಯಾರಮಟ್ಟಾ ದಾಟಿ ಹೋಗಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ವಾಪಸು ಹೋಗುವ ಟ್ರೇನಿಗೆ ಕಾಯುತ್ತ ಬೆಂಚಿನ ಮೇಲೆ ಕೂತು ಅತ್ತೆ. ಕುಡಿಯುವ ನೀರಿಗೇ ತತ್ವಾರ ಬಂದಾಗ ಕಡಲಿಗೆ ಪಾಲು ಕೊಡುವವರು ನಮ್ಮ ಕಡೆಯವರಲ್ಲದೆ ಇನ್ಯಾರು? ಆದರೆ ನಮ್ಮ ಕಡೆಯವರು ಅಂದ ಮಾತ್ರಕ್ಕೆ ನಮ್ಮ ಮುತ್ತಜ್ಜನೇ ಆಗಬೇಕೆಂದಿಲ್ಲ. ಒಂದು ಲಕ್ಷಣ ಕೂಡಿಬಂತು ಎಂದು ಅದೇ ಇದು ಎಂದು ಷರಾ ಬರೆದರೆ ನನ್ನ ಆಫೀಸಿನಲ್ಲಿ ನನ್ನನ್ನು ಮನೆಗೆ ಕಳಿಸುತ್ತಾರೆ. ಪರದೆಯ ಮೇಲೆ ಲಸ್ಕರ್ ಎನ್ನುವ ಶಬ್ದದ ಪಕ್ಕದಲ್ಲಿ ಕರ್ಸರ್ ಮಿನುಗುತ್ತಿತ್ತು. ಅಲ್ಲಿ ಅವನ ಹೆಸರು ಬರೆದುಬಿಡಲು ಬೆರಳು ತುಡಿಯಿತು. ಬರೆದರೆ ಯಾರೂ ಕೇಳುವುದಿಲ್ಲ. ಆದರೆ ಅಚ್ಚಾದದ್ದು ಅಷ್ಟೇ ಆಗಿತ್ತು, ಅಷ್ಟನ್ನೇ ಸೇವ್ ಮಾಡಿದೆ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಎರಡೆರಡು ಸಲ ಹೇಳಿದೆ: ಇದು ಯಾರೆಂದು ಗೊತ್ತಿಲ್ಲ ಮಾವ, ಹೆಸರಿಲ್ಲ, ಅಮ್ಮಮ್ಮನಿಗೆ ಈಗಲೇ ಏನೂ ಹೇಳಬೇಡಿ. ಮಾವ ಅಮ್ಮಮ್ಮನಿಗೆ ಹೇಳಲಿಲ್ಲ, ನಿಜ. ಆದರೆ ಖುಷಿ ತಡೆಯಲಾರದೆ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರು: ಅಜ್ಜ ಸಿಕ್ಕಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ನಮ್ಮವರು. ಕುಂದಾಪುರ, ಮುಂಬಯಿ, ದುಬೈ, ಎಲ್ಲ ಕಡೆಯಿಂದ ಕೈಮುಗಿದ ಚಿತ್ರಗಳು ಬಂದವು. ಓಂ ಶಾಂತಿಗಳು ಬಂದವು. ಉರಿಯುವ ದೀಪಗಳು ಬಂದವು. ದುಬೈಯ ಒಬ್ಬ ಉತ್ಸಾಹಿ ಸೋದರ ಹಾರ ಹಾಕಿದ ಫೋಟೊವನ್ನೇ ತಯಾರು ಮಾಡಿದ. ಮುತ್ತಜ್ಜನ ಚಿತ್ರ ಯಾರ ಹತ್ತಿರವೂ ಇಲ್ಲದ್ದರಿಂದ ಚೌಕಟ್ಟಿನೊಳಗೆ ಒಂದು ಹಡಗು ಕೂರಿಸಿದ್ದ. ಹಡಗಿಗೆ ಚೆಂಡುಹೂವಿನ ಹಾರ. ಮುಂಬಯಿಯವರು ಕಾರ್ಯ ಯಾವ ದಿನ, ರಜೆ ಹಾಕಬೇಕು ಎಂದು ಕೇಳಿದರು. ನಾನು ಗ್ರೂಪಿನಲ್ಲಿ ಅಲ್ಲ ಅಲ್ಲ ಎಂದು ಬರೆದದ್ದು ದೀಪಗಳ ನಡುವೆ ಎಲ್ಲೋ ಮುಚ್ಚಿಹೋಯಿತು. ಸಂಜೆಯ ಹೊತ್ತಿಗೆ ಊರಿನ ಸಂಬಂಧಿಯೊಬ್ಬಳು ನೇರ ಅಮ್ಮಮ್ಮನಿಗೇ ಫೋನ್ ಮಾಡಿ, ಸುದ್ದಿ ಕೇಳಿ ಬೇಜಾರಾಯಿತು, ಬಾವಿ ಹತ್ತಿರ ಹೋಗಿ ತಲೆಗೆ ನೀರು ಹೊಯ್ದುಕೊಂಡೆವು ಎಂದಳು.

ಅಮ್ಮಮ್ಮ ತಾನಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು.

“ನನ್ನ ಅಬ್ಬಿ ಬಳೆ ಒಡೂಕೆ ನೀವ್ ಯಾರ್?” ಎಂದಳು. “ಅವ್ಳ್ ಸಾಯೂವರೆಗೆ ಉಳಿಸ್ಕಂಡದ್ದ್ ಅದೊಂದೇ. ಇಷ್ಟ್ ವರ್ಷ ಆದ್ಮೇಲೆ ಎಲ್ಲರೂ ಸೇರಿ ಫೋನೊಳ್ಗೆ ಅವ್ಳನ್ನ ಮುಂಡೆ ಮಾಡಿದ್ರಿ.”

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಶನಿವಾರದ ಮೊದಲ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದೆ. ಭಾನುವಾರ ಮಹಾಲಯ ಅಮಾವಾಸ್ಯೆ.

ಏರ್‌ಪೋರ್ಟಿನಿಂದ ವಿಂಡಮ್ ವೇಲ್‌ಗೆ ಹೋಗುವ ದಾರಿಯುದ್ದಕ್ಕೂ ಮಾವ ಮುಖ ಸಣ್ಣದು ಮಾಡಿಕೊಂಡು ಕಾರು ಓಡಿಸಿದರು. ಅವರದು ಕೆಟ್ಟ ಮನಸ್ಸಲ್ಲ. ತಾಯಿಯ ಒಂದು ಆಸೆ ತೀರಲಿ ಎಂದಷ್ಟೇ.

“ನೋಡು, ಹೇಗೂ ಆಗಿದ್ದಾಯ್ತು,” ಎಂದರು ಕೊನೆಗೆ. “ಅವನೇ ಅಜ್ಜ ಅಂತ ಖಂಡಿತವಾಗಿ ಹೇಳ್ಬಿಡು. ನೀನು ಹೇಳಿದ್ರೆ ನಂಬ್ತಾಳೆ. ಯಾರಿಗೆ ಏನ್ ಲಾಸು? ಅವಳು ನೆಮ್ಮದಿಯಾಗಿ ನಾಲ್ಕು ದಿನ ಇರ್ತಾಳೆ.”

“ನಾನು ಅಲ್ಲಿ ಬರೆದಿದ್ದನ್ನ ಓದ್ತೀನಿ ಮಾವ. ಬರೆದಿದ್ದಷ್ಟೇ.”

“ನಿನ್ ಟೆಸ್ಟಿಂಗ್ ಬುದ್ಧಿ ಇಲ್ಲೂ ಬೇಕಾ?” ಎಂದರು. ನನಗೂ ಅದೇ ಪ್ರಶ್ನೆ ಇತ್ತು. ಸುಳ್ಳಾದರೂ ಅವಳು ನೆಮ್ಮದಿಯಾಗಿರಲಿ ಎನ್ನುವ ಆಸೆ ನನಗೆ ಅವರಿಗಿಂತ ಕಡಿಮೆ ಇರಲಿಲ್ಲ.

ಅಮ್ಮಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಬಾ ಎನ್ನಲಿಲ್ಲ. ಮೊದಲು ಕಾಫಿ ಮಾಡು ಎಂದಳು. ಮಾಡಿ ಕೊಟ್ಟೆ. ಎರಡು ಹನಿ ಕರಿಬೇವಿಗೆ ಚೆಲ್ಲಿ, ಒಂದು ಗುಟುಕು ಕುಡಿದು, “ಓದ್,” ಎಂದಳು. “ಮೊದ್ಲ್ ಅವ್ರ ಭಾಷೆಯಂಗೆ ಓದ್, ಮತ್ತೆ ನಮ್ಮದ್ರಂಗೆ ಹೇಳ್.”

ಅರ್ಥವಾಗದ ಇಂಗ್ಲಿಷನ್ನು ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನಾನು ಕನ್ನಡದಲ್ಲಿ ಹೇಳತೊಡಗಿದೆ. ಕೋರ್ಟಿನ ಜಡ್ಜರ ಹಾಗೆ ನಡುನಡುವೆ ನಿಲ್ಲಿಸಿದಳು.

“ಹಡಗ್ ಹೊಡೆದವ ನೀರ್ ಕೊಟ್ನಾ?”

“ಕೊಟ್ಟ. ಒಂದು ಡಬ್ಬ.”

“ಅವ್ನಿಗೂ ಒಬ್ಳ್ ಅಬ್ಬಿ ಇದ್ದಿರ್ಕ್,” ಎಂದಳು. “ಮುಂದೆ ಹೇಳ್.”

ನೀರು ಚೆಲ್ಲಿದ ಭಾಗ ಬಂದಾಗ ಅವಳು ಲೋಟ ಕೆಳಗಿಟ್ಟಳು. ಉಳಿದ ನೀರನ್ನು ಪಕ್ಕದವನಿಗೆ ಕೊಟ್ಟದ್ದು, ಅಂದೇ ಸತ್ತದ್ದು, ಕಡಲಿಗೆ ಇಳಿಸಿದ್ದು, ಎಲ್ಲವನ್ನೂ ಕೇಳಿದಳು. ಮಾವ ಬಾಗಿಲ ಹತ್ತಿರ ನಿಂತು ನನಗೆ ಕಣ್ಣಲ್ಲೇ ಹೇಳು ಹೇಳು ಎನ್ನುತ್ತಿದ್ದರು.

“ಹೆಸ್ರ್ ಇತ್ತಾ?” ಎಂದು ಕೇಳಿದಳು.

“ಇಲ್ಲ ಅಮ್ಮಮ್ಮ.”

“ಹಂಗಾರೆ ಅವ ನನ್ನ ಅಬ್ಬಿಯ ಗಂಡ ಅಲ್ಲ.”

“ಅಮ್ಮಾ, ನೀರ್ ಚೆಲ್ಲಿದ್ದ್ ಕೇಂಡ್ಯಲ್ಲ,” ಎಂದು ಮಾವ ತಡೆಯಲಾರದೆ ಒಳಗೆ ಬಂದರು. “ಮತ್ತ್ ಯಾರ್ ಹಂಗೆ ಮಾಡ್ತ್ರ್?”

“ನಮ್ಮ ಕಡಲ ಬದಿಯಂಗೆ ಎಲ್ಲರೂ ಮಾಡ್ತ್ರ್. ಅವ್ನಿಗೂ ಒಬ್ಳ್ ಮಗಳ್ ಇದ್ದಿರ್ಕ್. ಅವ್ನ ನಾನ್ ತಕಂಡ್ರೆ ಅವ್ಳಿಗೆ ಎಂತ ಉಳೀತ್?”

ಮಾವ ಸೋಫಾದಲ್ಲಿ ಕುಸಿದು ಕೂತರು. ಅಷ್ಟು ವರ್ಷ ಕಾದು, ಕೈಗೆ ಬಂದದ್ದನ್ನು ಇನ್ನೊಬ್ಬಳ ಪಾಲು ಎಂದು ಬದಿಗಿಡುವ ಅವಳ ನ್ಯಾಯ ನನಗೆ ಸಂಕಟ ತಂದಿತು. ಹೆಮ್ಮೆಯೂ ಆಯಿತು. ಅವಳು ಸ್ವಲ್ಪ ಹೊತ್ತು ಕರಿಬೇವಿನ ಎಲೆಗಳ ಧೂಳು ಒರೆಸುತ್ತ ಕೂತಿದ್ದಳು. ಆಮೇಲೆ ಈ ಪೇಪರು ಎಲ್ಲಿಯದು ಎಂದು ವಿಚಾರಿಸಿದಳು.

“ಇಲ್ಲಿಯದೇ. ಮೆಲ್ಬರ್ನಿನಲ್ಲೇ ಅಚ್ಚಾದದ್ದು.”

“ಹಂಗಾರೆ ಈ ಊರಿನವ್ರ್ ಬೆಳಿಗ್ಗೆ ಚಾ ಕುಡೀತಾ ಇದನ್ನ ಓದಿದ್ರ್. ನನ್ನ ಅಬ್ಬಿಗೆ ಯಾರೂ ಹೇಳ್ಲಿಲ್ಲೆ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಇತ್ತು. ಬೆಕ್ಕಿನ ಹೆಸರು ಅಚ್ಚು ಹಾಕಲು ಜಾಗವಿದ್ದ ಕಾಲಂಗಳ ಮೇಲೆಲ್ಲ ಇತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನನ್ನ ಕೈ ಹಿಡಿದುಕೊಂಡಳು.

“ಹೀಂಗೂ ಸಾಯ್ತ್ರ್ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ ಹೆಣ್ಣೇ,” ಎಂದಳು. “ಹಡಗ್ ಹತ್ತಿದವ ಬರ್ಲಿಲ್ಲೆ ಅಂದ್ರೆ ಓಡಿಹೋದ ಅಂದೇ ಲೆಕ್ಕ. ನಮ್ಮೂರಂಗೆ ಯಾರಿಗೂ ಬೇರೆ ಗೊತ್ತಿರ್ಲಿಲ್ಲೆ. ಅಬ್ಬಿ ಎದುರು ಹೂಂ ಹೂಂ ಅಂತಿದ್ದೆ. ಒಳಗೆ ನಾನೂ ಅದನ್ನೇ ನಂಬಿದ್ದೆ. ಅವ ನಮ್ಮನ್ನ ಬಿಟ್ ಹೋದ ಅಂದೇ ನಂಬಿದ್ದೆ.”

ಅಮ್ಮನ ಗಂಡ ಎಂದು ಅವಳು ಹೇಳುವಾಗ ನಾವು ಮಕ್ಕಳು ನಗುತ್ತಿದ್ದದ್ದು ನೆನಪಾಯಿತು.

ರಾತ್ರಿ ಊಟಕ್ಕೆ ಕೂತಾಗ ಅವಳು ತೀರ್ಪು ಹೇಳಿದಳು. “ನಾಳೆ ಇವ್ನಿಗೆ ಎಡೆ ಇಡ್ವ. ಈ ನೀರ್ ಚೆಲ್ಲಿದವ್ನಿಗೆ. ಇವ ಸತ್ತದ್ದ್ ಪೇಪರಂಗೆ ಇತ್ತಲ್ಲ. ಕಣ್ಣಲ್ಲಿ ಕಂಡಂಗೇ ಆಯ್ತ್. ಅಬ್ಬಿ ಮಾತ್ ಮುರದಂಗೆ ಆತಿಲ್ಲೆ.”

ಭಾನುವಾರ ಬೆಳಿಗ್ಗೆ ಅಡುಗೆಮನೆ ಅವಳ ವಶವಾಯಿತು. ಕುರ್ಚಿ ಹಾಕಿಸಿ ಕೂತು ನಮ್ಮಿಬ್ಬರನ್ನೂ ಕುಣಿಸಿದಳು. ಕುಚ್ಚಲಕ್ಕಿ ಅನ್ನ ಮೆತ್ತಗಾಯಿತು, ಹುಳಿ ಕಡಿಮೆಯಾಯಿತು, ಈ ದೇಶದ ಬಂಗುಡೆಗೆ ಕಡಲಿನ ರುಚಿಯೇ ಇಲ್ಲ. ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಲೆಯನ್ನು ಮಾವ ಬಿಸಿನೀರಿನಲ್ಲಿ ಬಿಡಿಸಿದಾಗ ಅದು ನಾಲ್ಕು ಕಡೆ ಹರಿದಿತ್ತು. ಹರಿಯದ ತುಂಡು ಹುಡುಕಿ ಡಬ್ಬಿಗೆ ಹಾಕಿಕೊಂಡೆವು. ಹಿತ್ತಲಿನಲ್ಲಿ ಇಡೋಣ ಎಂದು ಮಾವ ಹೇಳಿದ್ದಕ್ಕೆ, ಕಡಲಿನಲ್ಲಿ ಸತ್ತವನನ್ನು ನಿನ್ನ ಲಾನಿಗೆ ಕರೆಯುತ್ತೀಯಾ ಎಂದು ಬೈದಳು. ಕಾರು ವೆರಿಬೀ ಸೌತ್‌ನ ಕಡಲದಂಡೆಯ ಕಡೆಗೆ ಹೊರಟಿತು.

ಅಲ್ಲಿ ಮೈ ಕೊರೆಯುವ ಗಾಳಿ. ಕಟ್ಟೆಯ ಮೇಲೆ ಒಂದಿಬ್ಬರು ಗಾಳ ಹಾಕಿ ಕೂತಿದ್ದರು. ಹಿಡಿದು ನಡೆಯುವ ವಾಕರ್ ಮರಳಿನಲ್ಲಿ ಹೂತುಕೊಂಡದ್ದರಿಂದ ಅಮ್ಮಮ್ಮನನ್ನು ಮಾವ ಒಂದು ಕಡೆ, ನಾನು ಒಂದು ಕಡೆ ಹಿಡಿದು ನೀರಿನ ಅಂಚಿಗೆ ಕರೆತಂದೆವು. ಕಾಲಿಗೆ ನೀರು ತಾಗುತ್ತಲೇ ಅವಳು ಬಗ್ಗಿ ಎರಡು ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡಳು. ನಾನು ಎಲೆ ಹಾಸಿ ಅನ್ನ, ಮೀನುಸಾರು, ಹುರಿದ ಬಂಗುಡೆ ಬಡಿಸಿದೆ.

“ಬೇಗ ಆಗ್ಲಿ,” ಎಂದು ಮಾವ ಪಿಸುಗುಟ್ಟಿದರು. “ಹಕ್ಕಿಗೆ ತಿಂಡಿ ಹಾಕ್ಬಾರ್ದು ಅಂತ ಅಲ್ಲಿ ಬೋರ್ಡಿದೆ. ಫೈನ್ ಬೀಳುತ್ತೆ.”

ಅವರು ಹೇಳಿ ಮುಗಿಸುವ ಮೊದಲೇ ಸೀಗಲ್ ಎನ್ನುವ ಕಡಲಹಕ್ಕಿಗಳ ದಂಡು ಇಳಿಯಿತು. ಅವು ಕಾಗೆಯ ಹಾಗೆ ದೂರ ಕೂತು ಯೋಚಿಸುವ ಜಾತಿಯಲ್ಲ. ನೋಡನೋಡುತ್ತಿದ್ದ ಹಾಗೆ ಬಂಗುಡೆ ಹಾರಿಹೋಯಿತು, ಅನ್ನ ಹಾರಿಹೋಯಿತು, ಎಲೆಯೂ ಗಾಳಿಗೆ ಮಗುಚಿಕೊಂಡಿತು.

“ಕಾಗೆ ಒಂದೂ ಬರ್ಲಿಲ್ಲ್ಯಲ್ಲ ಅಮ್ಮ,” ಎಂದರು ಮಾವ.

“ಕಡಲಂಗೆ ಸತ್ತವ್ರಿಗೆ ಕಾಗೆ ಎಂತಕೆ? ಇವೇ ಸೈ,” ಎಂದು ಅಮ್ಮಮ್ಮ ನಕ್ಕಳು. ಆ ಎರಡು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ನೀರು ಕೇಳಿದಳು. ಮನೆಯಿಂದ ತಂದ ಸ್ಟೀಲ್ ಲೋಟಕ್ಕೆ ತುಂಬಿಸಿ ಕೊಟ್ಟೆ. ಎಂದಿನಂತೆ ಎರಡು ಹನಿ ಚೆಲ್ಲಿ ತಾನು ಕುಡಿಯುತ್ತಾಳೆ ಎಂದುಕೊಂಡೆವು. ಅವಳು ಚೆಲ್ಲಿದಳು. ಎರಡು ಹನಿಗೆ ನಿಲ್ಲಿಸಲಿಲ್ಲ. ನಿಧಾನಕ್ಕೆ, ಮಗುವಿಗೆ ಕುಡಿಸುವ ಹಾಗೆ, ಲೋಟವನ್ನು ಓರೆ ಮಾಡುತ್ತಲೇ ಹೋದಳು.

“ನೀ ಕೊಟ್ಟದ್ದ್ ಸಾಕ್,” ಎಂದಳು, ಕಡಲೊಳಗೆ ಇರುವವನಿಗೆ. “ಇದ್ ಪೂರಾ ನಿಂಗೆ.”

ಲೋಟ ಖಾಲಿಯಾಯಿತು. ವಾಪಸು ಹೋಗೋಣ ಎಂದು ನಾನು ಅವಳ ತೋಳು ಹಿಡಿದೆ. ಅವಳು ಕದಲಲಿಲ್ಲ. ಸೀಗಲ್‌ಗಳ ಗದ್ದಲದ ಆಚೆ, ಬೂದುಬಣ್ಣದ ನೀರಿನ ಕಡೆ ನೋಡುತ್ತ ನಿಂತಿದ್ದಳು. ಕೊನೆಗೆ, ಒಳಮನೆಯಲ್ಲಿರುವವರನ್ನು ಊಟಕ್ಕೆ ಎಬ್ಬಿಸುವಷ್ಟೇ ಮೆಲ್ಲಗೆ ಕರೆದಳು.

“ಅಪ್ಪಾ,” ಎಂದಳು. “ಕುಡಿ.”